ಕಂಪ್ಯೂಟರ್ ಕೈಕೊಟ್ಟಾಗ ಸ್ಕ್ರೂಡ್ರೈವರ್ ಹಿಡಿಯೋ ಮುಂಚೆ ಇದನ್ನ ಓದಿ

ದಾಂಡೇಲಿ: ಕಿರಾಣಿ ಅಂಗಡಿ, ಮೆಡಿಕಲ್, ಝೆರಾಕ್ಸ್ ಅಂಗಡಿ, ಗೊಬ್ಬರದ ಅಂಗಡಿ, ಎಲ್ಲಿ ಹೋದ್ರೂ ಈಗ ಒಂದು ಕಂಪ್ಯೂಟರ್ ಇದ್ದೇ ಇರುತ್ತೆ. ಅದು ಕೆಟ್ಟರೆ ಕೋಗಿಲಬನದವರು ದಾಂಡೇಲಿ ಪೇಟೆಗೆ ಒಯ್ಯಬೇಕು, ಜೋಯಿಡಾದ ಹಳ್ಳಿಯವರಿಗೆ ಇನ್ನೂ ದೂರ. ದೊಡ್ಡ ರಿಪೇರಿ ಅಂದ್ರೆ ಧಾರವಾಡ, ಹುಬ್ಬಳ್ಳಿ. ಹಾಗಾಗಿ 'ಒಂದ್ಸಲ ನಾವೇ ಬಿಚ್ಚಿ ನೋಡೋಣ' ಅನ್ನೋದು ಸಹಜ. ಬಿಚ್ಚೋದು ತಪ್ಪಲ್ಲ. ಆದ್ರೆ ಸಣ್ಣ ತೊಂದರೆಯನ್ನ ದೊಡ್ಡ ಖರ್ಚು ಮಾಡಿಕೊಳ್ಳೋದು ಹೆಚ್ಚಾಗಿ ಇಲ್ಲೇ. ಎಲ್ಲಿ ಎಡವುತ್ತೇವೆ, ಯಾಕೆ, ಏನು ಮಾಡಬೇಕು ಅನ್ನೋದು ಇಲ್ಲಿದೆ.

ಶಟ್‌ಡೌನ್ ಮಾಡಿದ್ರೆ ಕರೆಂಟ್ ಹೋಗಲ್ಲ

ಶಟ್‌ಡೌನ್ ಆದ ಮೇಲೂ ಪ್ಲಗ್ ಹಾಕಿಯೇ ಇದ್ದರೆ, ಪವರ್ ಸಪ್ಲೈ (ಎಸ್‌ಎಂಪಿಎಸ್) ಮದರ್‌ಬೋರ್ಡ್‌ಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಬಟನ್ ಒತ್ತಿದ ತಕ್ಷಣ ಕಂಪ್ಯೂಟರ್ ಏಳೋದು ಇದರಿಂದಲೇ. ಆ ಸ್ಥಿತಿಯಲ್ಲಿ ರ‍್ಯಾಮ್ ಕಿತ್ತರೆ ಅಥವಾ ಹಾಕಿದರೆ ರ‍್ಯಾಮ್ ಜೊತೆ ಬೋರ್ಡೂ ಹೋಗಬಹುದು. ಗೋಡೆಯ ಪ್ಲಗ್ ತೆಗೆಯಿರಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಖಾಲಿಯಾಗುತ್ತದೆ. ನಂತರವೇ ಕೈ ಹಾಕಿ.

ಎಸ್‌ಎಂಪಿಎಸ್ ಡಬ್ಬಿಯನ್ನ ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ನಮ್ಮ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಹಾಗೇ ಉಳಿಯಬಹುದು. ಮುಟ್ಟಿದರೆ ಜೀವಕ್ಕೇ ಅಪಾಯ. ಹಲ್ಲಿ ಸತ್ತು ವಾಸನೆ ಬಂದರೂ, ಫ್ಯಾನ್ ಸದ್ದು ಮಾಡಿದರೂ ಡಬ್ಬಿಯನ್ನೇ ಬದಲಿಸಿ.

ಕ್ಯಾಬಿನೆಟ್ ಮುಟ್ಟಿದರೆ ಚುರ್ ಅನ್ನುತ್ತಾ?

ಹಳೇ ಮನೆ, ಹಳೇ ಮಳಿಗೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತೆ, ಆದ್ರೆ ಅರ್ಥಿಂಗ್ ವೈರೇ ಇರಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನ ಅರ್ಥ್ ಕಡೆ ಬಿಡುವಂತೆಯೇ ಮಾಡಿರುತ್ತಾರೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ಗೆ ಬಂದು ನಿಲ್ಲುತ್ತೆ, ಮುಟ್ಟಿದವರಿಗೆ ಚುರ್ ಅನ್ನುತ್ತೆ. 'ಚಪ್ಪಲಿ ಹಾಕ್ಕೊಂಡು ಕೂತ್ರೆ ಆಯ್ತು' ಅನ್ನೋದು ಪರಿಹಾರ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಮೂರನೇ ಪಿನ್ ಮುರಿದು ಎರಡು ಪಿನ್ ಬೋರ್ಡ್‌ಗೆ ಸಿಕ್ಕಿಸುವವರೂ ಇದ್ದಾರೆ. ಅದು ಇನ್ನೂ ಅಪಾಯ.

ಡೇಟ್ ತಪ್ಪಿದ್ರೆ ಫಾರ್ಮ್ಯಾಟ್ ಯಾಕೆ?

ಬೆಳಿಗ್ಗೆ ಅಂಗಡಿ ತೆರೆದಾಗ ಬ್ರೌಸರ್‌ನಲ್ಲಿ ಬ್ಯಾಂಕ್ ಸೈಟೂ ತೆರೆಯಲ್ಲ, ಜಿಎಸ್‌ಟಿ ಪೋರ್ಟಲ್ಲೂ ತೆರೆಯಲ್ಲ. ವೈರಸ್ ಬಂತು ಅಂದುಕೊಂಡು ಫಾರ್ಮ್ಯಾಟ್ ಮಾಡಿಸುತ್ತಾರೆ, ಲೆಕ್ಕ ಎಲ್ಲ ಹೋಗುತ್ತೆ. ಮೊದಲು ಮೂಲೆಯಲ್ಲಿರುವ ತಾರೀಖು ನೋಡಿ. ಸುರಕ್ಷಿತ ವೆಬ್‌ಸೈಟ್‌ಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ನಿಮ್ಮ ಕಂಪ್ಯೂಟರ್ ಹತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ಬ್ರೌಸರ್ ಅದನ್ನ ಒಪ್ಪಲ್ಲ. ಪ್ರತಿ ಸಲ ಆಫ್ ಮಾಡಿದ ಮೇಲೆ ತಾರೀಖು ತಪ್ಪುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಹೋಗಿದೆ ಅಂತ ಅರ್ಥ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032 ಅನ್ನೋ 3 ವೋಲ್ಟ್ ಸೆಲ್. ಸಣ್ಣ ಖರ್ಚು, ಐದು ನಿಮಿಷದ ಕೆಲಸ.

ಯುಪಿಎಸ್‌ಗೆ ಪ್ರಿಂಟರ್ ಹಾಕಬೇಡಿ

ಝೆರಾಕ್ಸ್ ಅಂಗಡಿಗಳಲ್ಲಿ ಇದು ಸಾಮಾನ್ಯ. ಲೇಸರ್ ಪ್ರಿಂಟರ್ ಶಾಯಿಪುಡಿಯನ್ನ ಕಾಗದಕ್ಕೆ ಕರಗಿಸಿ ಅಂಟಿಸುತ್ತೆ. ಅದಕ್ಕೆ ರೋಲರ್ ಬಿಸಿಯಾಗಬೇಕು, ಆಗ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತೆ. 600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಕರೆಂಟ್ ಹೋದಾಗ ಪ್ರಿಂಟ್ ಕೊಟ್ಟರೆ ಯುಪಿಎಸ್ ಕುಸಿಯುತ್ತೆ, ಜೊತೆಗೆ ಕಂಪ್ಯೂಟರೂ ಆಫ್. ಲೇಸರ್ ಪ್ರಿಂಟರ್‌ಗೆ ನೇರವಾಗಿ ಗೋಡೆಯ ಸಾಕೆಟ್ ಇರಲಿ. ಯುಪಿಎಸ್ ಬ್ಯಾಟರಿ ಬದಲಿಸುವಾಗ ಕೆಂಪು ವೈರ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ತಿರುವುಮುರುವಾದರೆ ಯುಪಿಎಸ್ ಬೋರ್ಡ್ ಸುಟ್ಟಂತೆಯೇ.

ನಮ್ಮ ಮಳೆ, ನಮ್ಮ ಸಿಡಿಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಟ್ಟೆಯೇ ಒಣಗಲ್ಲ, ಇನ್ನು ಕಂಪ್ಯೂಟರ್? ತಿಂಗಳುಗಟ್ಟಲೆ ಆಫ್ ಇಟ್ಟರೆ ಧೂಳು ತೇವ ಹಿಡಿದು ರ‍್ಯಾಮ್ ಸ್ಲಾಟ್‌ನಲ್ಲಿ ಕಿಲುಬು ಕೂರುತ್ತೆ. ಕೆಲಸ ಇಲ್ಲದಿದ್ದರೂ ಆಗಾಗ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಶಾಖಕ್ಕೆ ತೇವ ಆರುತ್ತೆ. ನೀರು ಬಿದ್ದರೆ 'ಆನ್ ಆಗುತ್ತಾ ನೋಡೋಣ' ಅನ್ನಬೇಡಿ. ಹಾಳು ಮಾಡೋದು ಬರೀ ನೀರಲ್ಲ, ಒದ್ದೆಯಲ್ಲಿ ಹರಿಯುವ ಕರೆಂಟ್. ಅಕ್ಕಿಯಲ್ಲಿ ಹೂತಿಡೋದೂ ಪ್ರಯೋಜನವಿಲ್ಲ, ಹಿಟ್ಟು ಒಳಗೆ ಹೋಗುತ್ತೆ ಅಷ್ಟೇ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲಿಗೆ ಸ್ವಿಚ್ಚಿನ ಸಂದು ಲೆಕ್ಕಕ್ಕಿಲ್ಲ. ಪ್ಲಗ್ ಕೀಳಿ, ಇಂಟರ್ನೆಟ್ ಕೇಬಲ್ಲನ್ನೂ ಕೀಳಿ. ತಾಮ್ರದ ಕೇಬಲ್ ಮೂಲಕವೂ ಸಿಡಿಲಿನ ಹೊಡೆತ ಒಳಗೆ ಬರುತ್ತೆ. ಆದ್ರೆ ಮೋಡ ತಲೆ ಮೇಲೆ ಬರುವ ಮೊದಲೇ ಕೀಳಿ, ಸಿಡಿಲು ಹೊಡೆಯುವಾಗ ಕೈ ಹಾಕಬೇಡಿ.

ಹಾರ್ಡ್‌ಡಿಸ್ಕ್ ಟಕ್ ಟಕ್ ಅಂದ್ರೆ ಅಲ್ಲೇ ನಿಲ್ಲಿಸಿ

ಹಳೇ ಮಾದರಿ ಹಾರ್ಡ್‌ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತೆ. ಓದುವ ಹೆಡ್ ಅದರ ಮೇಲೆ ಧೂಳಿನ ಕಣಕ್ಕಿಂತ ಕಡಿಮೆ ಅಂತರದಲ್ಲಿ ತೇಲುತ್ತೆ. ಮುಚ್ಚಳ ಬಿಚ್ಚಿದರೆ ಒಂದು ಧೂಳೇ ಸಾಕು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತೆ ಅನ್ನೋ ಮಾತು ನಂಬಬೇಡಿ, ಹೊರತೆಗೆದಾಗ ಒಳಗೇ ಹನಿಗಟ್ಟುತ್ತೆ. ಟಕ್ ಟಕ್ ಸದ್ದು ಬಂದರೆ ಮತ್ತೆ ಮತ್ತೆ ಆನ್ ಮಾಡಬೇಡಿ, ಡೇಟಾ ತೆಗೆಯಲು ಬಲ್ಲವರ ಹತ್ತಿರ ಒಯ್ಯಿರಿ.

ಇಲ್ಲಿ ಹೋಗೋದು ಬರೀ ಮಷಿನ್ ಅಲ್ಲ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು ಅಂತ ಕಾನೂನಿದೆ. ಯಾರ ಉದ್ರಿ ಎಷ್ಟು ಅನ್ನೋದೂ ಅದರೊಳಗೇ ಇರುತ್ತೆ. ವಾರಕ್ಕೊಮ್ಮೆ ಬಿಲ್ಲಿಂಗ್ ಬ್ಯಾಕಪ್ ತೆಗೆದು ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ.

ನೀವೇ ಮಾಡಬಹುದಾದ್ದು: ಪ್ಲಗ್ ತೆಗೆದು ಬ್ರಷ್‌ನಿಂದ ಧೂಳು ಹೊಡೆಯೋದು (ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ), ರ‍್ಯಾಮ್ ತೆಗೆದು ಒರೆಸಿ ಹಾಕೋದು, ಸೆಲ್ ಬದಲಿಸೋದು.

ಬಿಟ್ಟುಬಿಡಬೇಕಾದ್ದು: ಎಸ್‌ಎಂಪಿಎಸ್ ಒಳಗೆ ಕೈ ಹಾಕೋದು, ಹಾರ್ಡ್‌ಡಿಸ್ಕ್ ಬಿಚ್ಚೋದು, ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ ಒತ್ತೋದು ಅಥವಾ ಚುಚ್ಚೋದು. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಚಾರ್ಜ್ ನಿಲ್ಲಿಸಿ, ಕಸದ ಗಾಡಿಗೆ ಹಾಕದೆ ರಿಪೇರಿ ಅಂಗಡಿಗೆ ಕೊಡಿ.

ರಿಪೇರಿಗೆ ಕೊಡುವಾಗ ಒಂದು ಮಾತು ಬಾಯಿಬಿಟ್ಟು ಹೇಳಿ: "ನನ್ನನ್ನ ಕೇಳದೆ ಫಾರ್ಮ್ಯಾಟ್ ಮಾಡಬೇಡಿ." ಅದನ್ನ ರಸೀದಿ ಮೇಲೂ ಬರೆಸಿಕೊಳ್ಳಿ.