ಸವೆದ ಕೋವಿ ನುಡಿಯುವ ಸಾಕ್ಷ್ಯ

ಒಶಾವಾದ ನನ್ನ ಮನೆಯಲ್ಲಿ, ವೈದ್ಯಗ್ರಂಥಗಳ ಪಕ್ಕದ ಬೀಗ ಹಾಕಿದ ಕಪಾಟಿನೊಳಗೆ, ಒಂದು ಮಾರ್ಟಿನಿ-ಹೆನ್ರಿ ಬಂದೂಕಿದೆ. ಬ್ರಿಟಿಷ್ ಸೇನೆ 1871ರಲ್ಲಿ ಅಂಗೀಕರಿಸಿದ ಮಾದರಿ. ಕಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ ಧೂಳು ತಿನ್ನುತ್ತಿದ್ದ ನೇಪಾಳ ಸೇನೆಯ ಸಾವಿರಾರು ಕೋವಿಗಳನ್ನು 2003ರಲ್ಲಿ ಅಮೆರಿಕದ ವರ್ತಕರು ಕೊಂಡು ತಂದರು. ಅವುಗಳಲ್ಲೊಂದು ಕೈಯಿಂದ ಕೈಗೆ ದಾಟಿ ನನ್ನಲ್ಲಿಗೆ ಬಂತು. 1898ಕ್ಕೆ ಮೊದಲು ತಯಾರಾದ ಇಂಥ ಬಂದೂಕನ್ನು ಕೆನಡಾದ ಕಾನೂನು ಪುರಾತನ ವಸ್ತುವೆಂದು ಪರಿಗಣಿಸುವುದರಿಂದ ಪರವಾನಗಿ ಬೇಕಿಲ್ಲ. ಜೋಪಾನವಾಗಿ ಇರಿಸುವ ಹೊಣೆ ಮಾತ್ರ ತಪ್ಪದು.

“ನಮ್ಮನ್ನು ಆಳಿದವರ ಕೋವಿ ನಮ್ಮ ಮನೆಯಲ್ಲೇಕೆ, ಅಪ್ಪಾ?” ಎಂದು ಮಗಳು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ.

ಆಳಿದವರು ನಮ್ಮನ್ನು ಎಷ್ಟು ನಂಬಿದ್ದರೆಂಬುದನ್ನು ಇಂಥ ಕೋವಿಗಳೇ ಹೇಳುತ್ತವೆ. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗೆ ದೊರೆತದ್ದು ನಳಿಗೆಯೊಳಗಿನ ಸುರುಳಿಗೆರೆಗಳಿಲ್ಲದ ಬಂದೂಕು. ಆ ಗೆರೆಗಳಿಲ್ಲದೆ ದೂರದ ಗುರಿ ನಿಲ್ಲದು. ಮುಂದೆ ಬಿಳಿಯ ಸೈನಿಕನ ಕೈಗೆ ಮಾರ್ಟಿನಿ ಬಂದಾಗ ನಮ್ಮವನಿಗೆ ಅದರ ಹಿಂದಿನ ಸ್ನೈಡರ್; ನಮ್ಮವನಿಗೆ ಮಾರ್ಟಿನಿ ದಕ್ಕುವಷ್ಟರಲ್ಲಿ ಅವನ ಹೆಗಲಲ್ಲಿ ಹಲವು ಗುಂಡುಗಳ ಹೊಸ ರೈಫಲ್. ಸದಾ ಒಂದು ತಲೆಮಾರಿನ ಅಂತರ. ಜನಸಾಮಾನ್ಯರನ್ನು 1878ರ ಶಸ್ತ್ರಾಸ್ತ್ರ ಕಾಯ್ದೆ ನಿರಾಯುಧರನ್ನಾಗಿಸಿತು. ಕೊಡವರಿಗೆ ಮಾತ್ರ 1861ರಿಂದಲೇ ವಿನಾಯಿತಿ; ಕೈಲ್ ಮುಹೂರ್ತದಂದು ಅವರ ಮನೆಗಳಲ್ಲಿ ಕೋವಿಗೆ ಇಂದಿಗೂ ಪೂಜೆ ಸಲ್ಲುತ್ತದೆ.

ಈ ನಾಡೂ ಆ ಕಥೆಯಿಂದ ಹೊರತಲ್ಲ. ನಮ್ಮೂರಿನ ಒಂಟಾರಿಯೊ ರೆಜಿಮೆಂಟ್ ಹುಟ್ಟಿದ್ದು 1866ರಲ್ಲಿ. ಮರುವರ್ಷವೇ ಸ್ನೈಡರ್ ಬಂದೂಕುಗಳು ಕೆನಡಾದ ಸ್ವಯಂಸೇವಕ ಪಡೆಗಳಿಗೆ ಬಂದವು. ಸಿಪಾಯಿಗೆ ತಡವಾಗಿ ದಕ್ಕಿದ ಅದೇ ಸ್ನೈಡರ್ 1885ರಲ್ಲಿ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಮೇಟಿ ಮತ್ತು ಕ್ರೀ ಜನರ ಪ್ರತಿರೋಧವನ್ನು ಅಡಗಿಸಲು ಹೊರಟ ಪಡೆಗಳ ಹೆಗಲಲ್ಲಿತ್ತು.

ರೋಗಿಯ ಅಂಗೈ ನೋಡಿ ಅವನ ಕಸುಬನ್ನು ಊಹಿಸುವುದು ವೈದ್ಯನಿಗೆ ರೂಢಿ. ಇಲ್ಲಿ ಮರ ನೋಡಿ ಅಂಗೈಯನ್ನು ಊಹಿಸುತ್ತೇನೆ: ಕೆನ್ನೆ ತಾಗಿದಲ್ಲಿ ನುಣುಪು, ಎಡಗೈ ಹಿಡಿದಲ್ಲಿ ಕಪ್ಪು, ಹಿತ್ತಾಳೆಯ ಮೇಲೆ ದೇವನಾಗರಿ ಅಂಕಿಗಳು. ಹೆಸರುಳಿಯದ ಸಿಪಾಯಿಯ ಗುರುತು ಇಷ್ಟೇ. ಉಜ್ಜುಕಾಗದ ಹಿಡಿದರೆ ಅರ್ಧ ಗಂಟೆಯಲ್ಲಿ ಎಲ್ಲವೂ ಅಳಿಯುತ್ತದೆ. ಆದ್ದರಿಂದಲೇ ಅನುಭವಿ ಸಂಗ್ರಾಹಕರು ತುಕ್ಕು ಹರಡದಂತೆ ತೆಳುವಾಗಿ ಎಣ್ಣೆ ಸವರಿ, ಮರವನ್ನು ಇದ್ದಂತೆಯೇ ಬಿಡುತ್ತಾರೆ.

ಊರಿನಲ್ಲಿ ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಪರವಾನಗಿಯ ಕೋವಿಯೋ ಕತ್ತಿಯೋ ಇದ್ದರೆ, ಹೊಳಪು ಕೊಡಿಸುವ ಮೊದಲು ಅದನ್ನು ಹಿಡಿದವರ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ. ನನ್ನ ಕೋವಿಗೆ ಆ ಭಾಗ್ಯವಿಲ್ಲ.