ಹಳೆಯ ಆಟೊಮ್ಯಾಟಿಕ್ ಕಾರು ಗೇರ್ ಬದಲಿಸದಿದ್ದರೆ? ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ನೋಡಬೇಕಾದ ಸಂಗತಿಗಳು

ಮಂಗಳೂರು: ಪುತ್ತೂರು ಸಮೀಪದ ನಿವೃತ್ತ ಶಿಕ್ಷಕಿಯೊಬ್ಬರ ಕಾರು ಮಳೆಗಾಲದ ಕೊನೆಯ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಸೊರಗಿತು. 2007ರ ಮಾದರಿಯ, ನಾಲ್ಕು ಗೇರುಗಳ ಆಟೊಮ್ಯಾಟಿಕ್ ಕಾರು ಅದು. ನಿಂತಲ್ಲಿಂದ ಹೊರಡಲು ಒದ್ದಾಡುತ್ತಿತ್ತು. ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ. ಹೆದ್ದಾರಿಗೆ ಬಂದರೆ ಮೊದಲಿಗಿಂತ ಹೆಚ್ಚಿನ ಬೊಬ್ಬೆ. ಬಾಲ್ಯದಲ್ಲಿ ಪೋಲಿಯೊ ತಗಲಿ ಎಡಗಾಲಿನ ಬಲ ಕಳೆದುಕೊಂಡಿರುವ ಅವರಿಗೆ ಕ್ಲಚ್ ಪೆಡಲ್ ಇಲ್ಲದ ಈ ಕಾರೇ ಆಸ್ಪತ್ರೆಗೂ ಪೇಟೆಗೂ ಹೋಗಿಬರುವ ದಾರಿ. ಸಮೀಪದ ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತಿ ನೋಡಿ, ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು, 70 ಸಾವಿರವಾದರೂ ಬೇಕು’ ಎಂದರಂತೆ. ಕಾರನ್ನು ಮಾರಿದರೆ ಬರುವ ಹಣ ಅದಕ್ಕಿಂತ ತುಸು ಹೆಚ್ಚಿರಬಹುದು, ಅಷ್ಟೆ.

ಕಾರನ್ನು ಯಾರೂ ಓಡಿಸಿ ನೋಡಿರಲಿಲ್ಲ. ಗೇರ್‌ಬಾಕ್ಸ್ ಆಯಿಲ್ ಪರಿಶೀಲಿಸಿರಲಿಲ್ಲ. ಸ್ಕ್ಯಾನರ್ ಜೋಡಿಸಿರಲಿಲ್ಲ. ಮಂಗಳೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಕಾರು ಬಂದಾಗ ಅವರು ಹೇಳಿದ ಮೊದಲ ಮಾತು, ‘ಟೀಚರೇ, ಮೊದಲು ಒಂದು ರೌಂಡ್ ಹೋಗಿ ಬರುವ’ ಎಂಬುದು. ಆ ಒಂದು ಸುತ್ತಿನಲ್ಲಿ ಅವರಿಗೆ ತಿಳಿದದ್ದೇನೆಂಬುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಈ ಯಂತ್ರದ ಪರಿಚಯ ಅಗತ್ಯ.

ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಮ್ಮ ರಸ್ತೆಗಳಲ್ಲಿ ಹಲವು ಬಗೆಯ ಯಂತ್ರಗಳು ಓಡುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಜನಪ್ರಿಯವಾದ ಎಎಂಟಿ ವಾಸ್ತವದಲ್ಲಿ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಅಲ್ಲಿ ಮನುಷ್ಯನ ಬದಲು ಯಂತ್ರದ ಕೈ ಮಾಡುತ್ತದೆ. ಹೋಂಡಾ ಸಿಟಿ ಝಡ್‌ಎಕ್ಸ್‌ನಲ್ಲಿದ್ದ ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ, ಉಕ್ಕಿನ ಬೆಲ್ಟ್ ಎರಡು ರಾಟೆಗಳ ನಡುವೆ ಜಾರುತ್ತ ಅನುಪಾತ ಬದಲಿಸುತ್ತದೆ. ಈ ಲೇಖನದ ವಿಷಯ ಇವೆರಡೂ ಅಲ್ಲ. ಝೆನ್, ಎಸ್ಟೀಮ್, ಸ್ಯಾಂಟ್ರೊ, ಕೊರೊಲಾ ಮುಂತಾದ ಕಾರುಗಳ ಹಳೆಯ ಆಟೊಮ್ಯಾಟಿಕ್ ಆವೃತ್ತಿಗಳಲ್ಲಿದ್ದ, ಟಾರ್ಕ್ ಕನ್ವರ್ಟರ್ ಉಳ್ಳ ಸಾಂಪ್ರದಾಯಿಕ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಲ್ಲಿನ ವಿಷಯ. ಗ್ಯಾರೇಜಿಗೆ ಹೋಗುವ ಮೊದಲು ತಮ್ಮ ಕಾರಿನಲ್ಲಿರುವುದು ಯಾವ ಬಗೆ ಎಂಬುದನ್ನು ಮಾಲೀಕರು ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಬೇಕು. ಸಿವಿಟಿಗೆ ಸಾಮಾನ್ಯ ಆಟೊಮ್ಯಾಟಿಕ್ ಆಯಿಲ್ ಸುರಿದು ಯಂತ್ರವನ್ನೇ ಕೆಡಿಸಿಕೊಳ್ಳುವ ಅಪಾಯವಿದೆ.

ಎಲ್ಲವೂ ಎಣ್ಣೆಯ ಒತ್ತಡದಿಂದ

ಮುಖಾಮುಖಿಯಾಗಿ ಇಟ್ಟ ಎರಡು ಫ್ಯಾನುಗಳನ್ನು ಕಲ್ಪಿಸಿಕೊಳ್ಳಿ. ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ ಇರುತ್ತದೆ. ಎಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎರಚುತ್ತವೆ, ಎದುರಿನ ರೆಕ್ಕೆಗಳು ಆ ರಭಸಕ್ಕೆ ತಿರುಗಿ ಗೇರ್‌ಬಾಕ್ಸಿಗೆ ಶಕ್ತಿ ಕೊಡುತ್ತವೆ. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಎಂಜಿನ್ ಆಫ್ ಆಗದಿರುವುದು ಇದರಿಂದಲೇ. ಅದರಾಚೆಗೆ ಗೇರುಗಳ ಗುಂಪುಗಳೂ, ಅವುಗಳನ್ನು ಹಿಡಿಯುವ ಬಿಡುವ ಹಲವು ಕ್ಲಚ್ ಪ್ಲೇಟುಗಳೂ ಇವೆ. ಯಾವ ಕ್ಲಚ್ಚನ್ನು ಯಾವಾಗ ಹಿಡಿಯಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಅದರ ಆಜ್ಞೆಯಂತೆ ಸೊಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ ಕವಾಟಗಳು ತೆರೆದು ಮುಚ್ಚಿ ಎಣ್ಣೆಯನ್ನು ಸರಿಯಾದ ದಾರಿಗೆ ಬಿಡುತ್ತವೆ. ಕ್ಲಚ್ ಹಿಡಿಯುವುದು ಆ ಎಣ್ಣೆಯ ಒತ್ತಡದಿಂದ.

ಹೀಗಾಗಿ ಶಕ್ತಿ ಸಾಗಿಸುವುದು, ಗೇರ್ ಬದಲಿಸುವುದು, ಸವೆತ ತಡೆಯುವುದು, ಶಾಖ ಹೊರಹಾಕುವುದು, ಈ ನಾಲ್ಕೂ ಕೆಲಸಗಳು ಒಂದೇ ಎಣ್ಣೆಯ ಮೇಲೆ ಬಿದ್ದಿವೆ. ತನಿಖೆಯೂ ಅಲ್ಲಿಂದಲೇ ಆರಂಭವಾಗಬೇಕು.

ಡಿಪ್‌ಸ್ಟಿಕ್ ನೋಡುವ ವಿಧಾನದಲ್ಲೇ ಬಹಳ ಮಂದಿ ಎಡವುತ್ತಾರೆ. ಎಂಜಿನ್ ಆಯಿಲ್ ನೋಡುವಂತೆ ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ಅಳತೆ ತಪ್ಪುತ್ತದೆ. ಹೆಚ್ಚಿನ ಕಾರುಗಳಲ್ಲಿ ಹತ್ತಿಪ್ಪತ್ತು ನಿಮಿಷ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಗೇರ್ ಲಿವರನ್ನು ಎಲ್ಲ ಸ್ಥಾನಗಳಿಗೂ ಒಯ್ದು ‘ಪಿ’ಗೆ ತಂದು, ಎಂಜಿನ್ ಚಾಲೂ ಇರುವಾಗಲೇ ನೋಡಬೇಕು. ಹಳೆಯ ಹೋಂಡಾ ಕಾರುಗಳಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಎಂಜಿನ್ ಬಿಸಿ ಮಾಡಿ ಆಫ್ ಮಾಡಿದ ಬಳಿಕ 60ರಿಂದ 90 ಸೆಕೆಂಡುಗಳೊಳಗೆ ನೋಡಬೇಕೆಂಬ ಸೂಚನೆ ಇದೆ. ಕೆಲವು ಕಾರುಗಳಿಗೆ ಈ ಡಿಪ್‌ಸ್ಟಿಕ್ಕೇ ಇಲ್ಲ. ಅಂಥವುಗಳಲ್ಲಿ ಕಾರನ್ನು ಲಿಫ್ಟ್ ಮೇಲೇರಿಸಿ ಪಕ್ಕದ ಬೋಲ್ಟ್ ಬಿಚ್ಚಿ ನೋಡಬೇಕಾಗುತ್ತದೆ.

ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೋ ಕಾಗದದ ಮೇಲೋ ಒರೆಸಿ ನೋಡುವುದು ಲೇಸು. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪು, ಪಾರದರ್ಶಕ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ ಎಂದರ್ಥ, ಅದೊಂದರಿಂದಲೇ ಗಾಬರಿ ಬೇಡ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಪ್ಲೇಟುಗಳು ಸೀದಿರುವ ಸಾಧ್ಯತೆ ಹೆಚ್ಚು. ನೊರೆ ಇದ್ದರೆ ಎಣ್ಣೆ ಅಗತ್ಯಕ್ಕಿಂತ ಹೆಚ್ಚಾಗಿರಬಹುದು. ಹೆಚ್ಚಾದ ಎಣ್ಣೆಯನ್ನು ಗೇರುಗಳು ಕಡೆದು ಗಾಳಿ ಬೆರೆಸುತ್ತವೆ, ಗಾಳಿ ಬೆರೆತ ಎಣ್ಣೆಯಿಂದ ಒತ್ತಡ ಹುಟ್ಟದು. ಎಲ್ಲಕ್ಕಿಂತ ಕೆಟ್ಟದ್ದು ಸ್ಟ್ರಾಬೆರಿ ಮಿಲ್ಕ್‌ಶೇಕಿನಂಥ ತಿಳಿಗುಲಾಬಿ ಬಣ್ಣ. ರೇಡಿಯೇಟರಿನೊಳಗಿರುವ ಎಣ್ಣೆ ಕೂಲರ್ ತುಕ್ಕು ಹಿಡಿದು ತೂತಾಗಿ ಕೂಲಂಟ್ ಸೇರಿದೆ, ಇಲ್ಲವೇ ನೆರೆಯ ನೀರು ಹೊಕ್ಕಿದೆ ಎಂಬುದರ ಗುರುತು ಅದು. ಕ್ಲಚ್ ಪ್ಲೇಟಿನ ಘರ್ಷಣೆಯ ಪದರ ಕಾಗದದ ನಾರಿನಿಂದ ಮಾಡಿದ್ದಾದ್ದರಿಂದ ನೀರು ತಾಗಿದರೆ ಉಬ್ಬಿ ಕಿತ್ತುಬರುತ್ತದೆ. ಅಂಥ ಕಾರನ್ನು ಗ್ಯಾರೇಜಿನವರೆಗೂ ಓಡಿಸಬಾರದು.

ಮಟ್ಟ ಕಡಿಮೆಯಿದ್ದರೆ ಮೇಲಿಂದ ಸುರಿದು ಸುಮ್ಮನಾಗುವುದೂ ಸರಿಯಲ್ಲ. ಈ ಎಣ್ಣೆ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವಂಥದ್ದಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಕಾರಿನಡಿ ಕೆಂಪು ಹನಿ ಕಂಡರೆ ಪವರ್ ಸ್ಟೀರಿಂಗ್ ಎಣ್ಣೆಯೂ ಇರಬಹುದು, ಹಲವು ಕಾರುಗಳಲ್ಲಿ ಎರಡೂ ಕೆಂಪೇ.

ಇಲಿ ಕಡಿದ ತಂತಿ

ಎಣ್ಣೆ ಸರಿಯಿದ್ದರೆ ಮುಂದಿನದು ಓಡಿಸಿ ನೋಡುವುದು. ಇಲ್ಲಿ ಎರಡು ಲಕ್ಷಣಗಳನ್ನು ಬೇರ್ಪಡಿಸಿ ತಿಳಿಯುವುದು ಬಹುಮುಖ್ಯ. ಗೇರ್ ಬದಲಾಗುವಾಗ ಎಂಜಿನ್ನಿನ ವೇಗ ಹಠಾತ್ತನೆ ಜಿಗಿದು, ಕಾರು ಮಾತ್ರ ಮುಂದಕ್ಕೆ ಹೋಗದೆ ಒಂದು ಕ್ಷಣ ತೇಲಿದಂತಾದರೆ ಅದು ಜಾರುವಿಕೆ. ಕ್ಲಚ್ ಹಿಡಿಯುತ್ತಿಲ್ಲ ಎಂದರ್ಥ. ಇನ್ನೊಂದು ಸ್ಥಿತಿಯಲ್ಲಿ ಯಾವ ಗೇರೂ ಬದಲಾಗುವುದೇ ಇಲ್ಲ. ಹೊರಡುವಾಗ ಮಂದ, ಆದರೆ ಓಡತೊಡಗಿದ ಮೇಲೆ ಎಂಜಿನ್ನಿನ ವೇಗವೂ ಕಾರಿನ ವೇಗವೂ ಒಂದಕ್ಕೊಂದು ಕಟ್ಟಿಹಾಕಿದಂತೆ ಜತೆಜತೆಯಾಗಿ ಏರಿಳಿಯುತ್ತವೆ. ಸಾಮಾನ್ಯ ಕಾರನ್ನು ಮೂರನೇ ಗೇರಿನಲ್ಲೇ ಎತ್ತಿ, ಮೂರನೇ ಗೇರಿನಲ್ಲೇ ಊರಿಗೆ ಒಯ್ದಂತೆ.

ಈ ಎರಡನೆಯದು ಬಹುತೇಕ ಸಂದರ್ಭಗಳಲ್ಲಿ ಗೇರ್‌ಬಾಕ್ಸ್ ತಾನಾಗಿ ಮಾಡಿಕೊಂಡ ರಕ್ಷಣಾ ವ್ಯವಸ್ಥೆ. ಸೆನ್ಸರಿನಿಂದಲೋ ಸೊಲೆನಾಯ್ಡಿನಿಂದಲೋ ಬರಬೇಕಾದ ಸಂಕೇತ ಬಾರದಿದ್ದರೆ ಕಂಪ್ಯೂಟರ್ ಗೇರ್ ಬದಲಿಸುವ ಗೊಡವೆಯನ್ನೇ ಬಿಡುತ್ತದೆ. ಸೊಲೆನಾಯ್ಡುಗಳಿಗೆ ವಿದ್ಯುತ್ ನಿಂತರೂ ಒಂದು ಗೇರ್ ಮಾತ್ರ ಸಿಗುವಂತೆ ಎಣ್ಣೆಯ ದಾರಿಗಳನ್ನು ರಚಿಸಿರುತ್ತಾರೆ. ನಾಲ್ಕು ಗೇರುಗಳ ಅನೇಕ ಕಾರುಗಳಲ್ಲಿ ಅದು ಮೂರನೆಯದು. ಹೇಗೋ ಮನೆ ಸೇರಲಿ ಎಂಬುದಷ್ಟೇ ಉದ್ದೇಶ. ಡ್ಯಾಶ್‌ಬೋರ್ಡಿನಲ್ಲಿ ಇದರ ಸೂಚನೆಯೂ ಇರುತ್ತದೆ. ಕೆಲವು ಕಾರುಗಳಲ್ಲಿ ‘ಓವರ್‌ಡ್ರೈವ್ ಆಫ್’ ದೀಪ, ಹಳೆಯ ಹೋಂಡಾಗಳಲ್ಲಿ ‘ಡಿ4’ ದೀಪ ಮಿನುಗುತ್ತದೆ. ಎಂಜಿನ್ ಆಫ್ ಮಾಡಿ ಮತ್ತೆ ಚಾಲೂ ಮಾಡಿದಾಗ ಕೆಲವು ಹೊತ್ತು ಎಲ್ಲವೂ ಸರಿಯಾಗಿ ಮತ್ತೆ ಕೆಟ್ಟರೆ, ದೋಷ ವಿದ್ಯುತ್ ಭಾಗದಲ್ಲಿದೆ ಎಂಬ ಶಂಕೆ ಬಲವಾಗುತ್ತದೆ.

ಶಿಕ್ಷಕಿಯ ಕಾರಿನಲ್ಲಿ ಒಂದು ಸುತ್ತು ಹೋದ ಮೆಕ್ಯಾನಿಕ್‌ಗೆ ತಿಳಿದದ್ದು ಇದೇ. ಎಣ್ಣೆ ಕಂದಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಹಿಮ್ಮುಖ ಗೇರ್ ಚೆನ್ನಾಗಿಯೇ ಎಳೆಯುತ್ತಿತ್ತು. ಸ್ಕ್ಯಾನರ್ ಜೋಡಿಸಿದಾಗ ವೇಗ ಅಳೆಯುವ ಸೆನ್ಸರಿನ ಸಂಪರ್ಕದಲ್ಲಿ ದೋಷ ಎಂಬ ಸಂಕೇತ ಬಂತು. ಬ್ಯಾಟರಿ ಕಳಚಿ ಕೆಳಗೆ ಟಾರ್ಚ್ ಬಿಟ್ಟರೆ, ಸೆನ್ಸರಿಗೆ ಹೋಗುವ ತಂತಿಯನ್ನು ಇಲಿ ಕಡಿದು ಎಳೆ ಎಳೆಯಾಗಿಸಿತ್ತು. ಕರಾವಳಿಯಲ್ಲಿ ಮಳೆಗಾಲಕ್ಕೆ ಬೆಚ್ಚಗಿನ ಬಾನೆಟ್ಟಿನಡಿ ಇಲಿಗಳು ಸೇರುವುದು ಹೊಸ ವಿಷಯವೇನಲ್ಲ.

ಈ ದೋಷಸಂಕೇತಗಳ ಬಗ್ಗೆ ಒಂದು ಮಾತು. ‘ಪಿ 0700’ ಎಂದು ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ ಎಂದಷ್ಟೇ ಅರ್ಥ, ಒಳಗೆ ಇನ್ನಷ್ಟು ಓದಬೇಕು. ‘ಪಿ 0715’ ಮತ್ತು ‘ಪಿ 0720’ ವೇಗದ ಸೆನ್ಸರುಗಳಿಗೂ, ‘ಪಿ 0750’ ಮೊದಲ ಶಿಫ್ಟ್ ಸೊಲೆನಾಯ್ಡಿಗೂ ಸಂಬಂಧಿಸಿದವು. ‘ಪಿ 0730’ ಗೇರ್ ಅನುಪಾತ ತಾಳೆಯಾಗುತ್ತಿಲ್ಲ ಎನ್ನುತ್ತದೆ, ಇದು ಜಾರುವಿಕೆಯ ಕಡೆಗೆ ಬೆರಳು ತೋರುವುದರಿಂದ ಗಂಭೀರ. ಸಂಕೇತ ಹೇಳುವುದು ಎಲ್ಲಿ ಹುಡುಕಬೇಕೆಂಬುದನ್ನು ಮಾತ್ರ. ಸೆನ್ಸರಿನ ಸಂಕೇತ ಬಂತೆಂದು ಹೊಸ ಸೆನ್ಸರ್ ಹಾಕಿ, ತುಂಡಾದ ತಂತಿಯನ್ನು ಹಾಗೆಯೇ ಬಿಟ್ಟರೆ ಫಲವಿಲ್ಲ. ತೀರಾ ಹಳೆಯ ಕಾರುಗಳಿಗೆ ಇಂದಿನ ಸಾಮಾನ್ಯ ಸ್ಕ್ಯಾನರ್ ಹೊಂದದು. ಅವುಗಳಲ್ಲಿ ದೀಪ ಎಷ್ಟು ಬಾರಿ ಮಿನುಗುತ್ತದೆ ಎಂದು ಎಣಿಸಿ ಓದುವ ಪದ್ಧತಿ ಇತ್ತು, ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಈಗ ವಿರಳ.

ಗೇರ್‌ಬಾಕ್ಸಿನದಲ್ಲದ ತಪ್ಪನ್ನು ಅದರ ತಲೆಗೆ ಕಟ್ಟುವುದೂ ಉಂಟು. ‘ಎನ್’ನಿಂದ ‘ಡಿ’ಗೆ ಹಾಕುವಾಗ ಧಡ್ ಎಂದು ಹೊಡೆದರೆ ಎಂಜಿನ್ ಮೌಂಟ್‌ಗಳ ರಬ್ಬರ್ ಹರಿದಿರಬಹುದು, ಅಥವಾ ಐಡಲ್ ವೇಗ ಹೆಚ್ಚಿರಬಹುದು. ಹಳೆಯ ಸ್ಪಾರ್ಕ್ ಪ್ಲಗ್‌ನಿಂದ ಎಂಜಿನ್ ಮುಗ್ಗರಿಸುವುದು ಗೇರ್ ಅದುರಿದಂತೆಯೇ ಭಾಸವಾಗುತ್ತದೆ. ಲಿವರಿನ ಕೇಬಲ್ ಸಡಿಲವಾಗಿ, ಡ್ಯಾಶ್‌ಬೋರ್ಡ್ ‘ಡಿ’ ತೋರಿಸಿದರೂ ಗೇರ್‌ಬಾಕ್ಸ್ ಮತ್ತೆಲ್ಲೋ ನಿಂತಿರುವ ಪ್ರಕರಣಗಳೂ ಇವೆ. ಇವೆಲ್ಲ ಕೆಲವು ಸಾವಿರ ರೂಪಾಯಿಯೊಳಗೆ ಮುಗಿಯುವ ಕೆಲಸಗಳು.

‘ಡಿ’ಗೆ ಹಾಕಿದ ಬಳಿಕ ಕಾರು ತಡವಾಗಿ ಹಿಡಿಯುವುದು ಮಾತ್ರ ನಿಜಕ್ಕೂ ಒಳಗಿನ ಲಕ್ಷಣವಿರಬಹುದು. ಟೊಯೊಟಾದ ಹಲವು ಹಳೆಯ ಕೈಪಿಡಿಗಳು ‘ಎನ್’ನಿಂದ ‘ಡಿ’ಗೆ 1.2 ಸೆಕೆಂಡ್, ‘ಆರ್’ಗೆ 1.5 ಸೆಕೆಂಡ್ ಮಿತಿ ಹೇಳುತ್ತವೆ. ಎರಡು ಮೂರು ಸೆಕೆಂಡ್ ಹಿಡಿದರೆ ಒತ್ತಡ ಕಡಿಮೆ. ಬೆಳಗ್ಗೆ ತಣ್ಣಗಿರುವಾಗ ಮಾತ್ರ ತಡವಾಗುವುದಾದರೆ ಗಟ್ಟಿಯಾದ ರಬ್ಬರ್ ಸೀಲುಗಳ ಮೇಲೆ, ಬಿಸಿಯಾದ ಮೇಲೆ ಮಾತ್ರ ತಡವಾಗುವುದಾದರೆ ಸವೆದ ಪಂಪ್ ಅಥವಾ ಕ್ಲಚ್‌ಗಳ ಮೇಲೆ ಸಂಶಯ. ಘಾಟಿಯಲ್ಲಿ ಮಾತ್ರ ತೊಂದರೆ ಎನ್ನುವವರು ಈ ವ್ಯತ್ಯಾಸವನ್ನು ಮೆಕ್ಯಾನಿಕ್‌ಗೆ ತಪ್ಪದೆ ತಿಳಿಸಬೇಕು. ಶಿರಾಡಿಯ ಏರು ಹತ್ತುವಾಗ ಎಣ್ಣೆ ಕಾಯುವಷ್ಟು ಪೇಟೆಯ ಒಂದು ಸುತ್ತಿನಲ್ಲಿ ಕಾಯುವುದಿಲ್ಲ.

ಇದಾದ ಬಳಿಕ ಉಳಿಯುವುದು ಒತ್ತಡ ಅಳೆಯುವ ಗೇಜ್ ಜೋಡಿಸುವ ಪರೀಕ್ಷೆ ಮತ್ತು ಸ್ಟಾಲ್ ಪರೀಕ್ಷೆ. ಬ್ರೇಕ್ ಪೂರ್ತಿ ಒತ್ತಿ, ‘ಡಿ’ಯಲ್ಲಿ ಆಕ್ಸಿಲರೇಟರ್ ತುಳಿದು ಎಂಜಿನ್ ಎಷ್ಟು ಸುತ್ತಿಗೆ ನಿಲ್ಲುತ್ತದೆಂದು ನೋಡುವುದು ಈ ಎರಡನೆಯದು. ಐದು ಸೆಕೆಂಡ್ ಮೀರಿದರೆ ಎಣ್ಣೆ ಕುದಿಯುತ್ತದೆ, ಬ್ರೇಕ್ ಸಡಿಲವಿದ್ದರೆ ಎದುರಿನವರ ಪ್ರಾಣಕ್ಕೆ ಅಪಾಯ. ಮಾಲೀಕರು ಮನೆಯಂಗಳದಲ್ಲಿ ಪ್ರಯತ್ನಿಸಬಾರದು.

ಆಯಿಲ್ ಬದಲಿಸಬೇಕೇ, ಬೇಡವೇ?

‘ಹಳೆಯ ಆಯಿಲ್ ತೆಗೆದರೆ ಗೇರ್‌ಬಾಕ್ಸ್ ಸತ್ತೇಹೋಗುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಬಲವಾಗಿ ಬೇರೂರಿದೆ. ಇದರಲ್ಲಿ ಅರ್ಧ ಸತ್ಯವಿದೆ. ಕ್ಲಚ್ ಆಗಲೇ ಸವೆದು ಜಾರುತ್ತಿರುವಾಗ ಕಡೆಯ ಪ್ರಯತ್ನವೆಂದು ಎಣ್ಣೆ ಬದಲಿಸುತ್ತಾರೆ. ಮುಂದಿನ ವಾರ ಕಾರು ನಿಂತರೆ ಹೊಸ ಎಣ್ಣೆಗೆ ಅಪವಾದ ಬರುತ್ತದೆ. ಯಂತ್ರದಿಂದ ಒತ್ತಡ ಕೊಟ್ಟು ತೊಳೆಯುವುದರಿಂದ ತಳದ ಕೊಳೆ ಎದ್ದು ಕವಾಟಗಳಲ್ಲಿ ಸಿಕ್ಕಿಕೊಳ್ಳುವ ಭಯವೂ ಇಲ್ಲದಿಲ್ಲ. ಆದರೆ ಜಾರುವಿಕೆ ಇಲ್ಲದ ಕಾರಿನಲ್ಲಿ ಬೋಲ್ಟ್ ಬಿಚ್ಚಿ ಇಳಿದಷ್ಟು ಎಣ್ಣೆ ಇಳಿಸಿ ಅಷ್ಟನ್ನೇ ತುಂಬುವುದು ಸೌಮ್ಯವಾದ ಕ್ರಮ. ಒಂದು ಸಲಕ್ಕೆ ಅರ್ಧಕ್ಕಿಂತ ಕಡಿಮೆಯೇ ಇಳಿಯುತ್ತದೆ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ ನಿಂತಿರುತ್ತದೆ. ಹೀಗಾಗಿ ಕೆಲವು ನೂರು ಕಿ.ಮೀ. ಅಂತರದಲ್ಲಿ ಎರಡು ಮೂರು ಬಾರಿ ಮಾಡಿಸುವುದು ವಾಡಿಕೆ. ತಯಾರಕರು ಸೂಚಿಸಿದ ಎಣ್ಣೆಯನ್ನೇ ಹಾಕಬೇಕು. ಹಳೆಯ ಹ್ಯುಂಡೈಗಳಿಗೆ ಎಸ್‌ಪಿ-3, ಟೊಯೊಟಾಗಳಿಗೆ ಟಿ-4, ಹೋಂಡಾಗಳಿಗೆ ಝಡ್-1 ಇದ್ದವು. ಝಡ್-1ರ ಜಾಗಕ್ಕೆ ಡಿಡಬ್ಲ್ಯು-1 ಬಂದಿದೆ.

ತಳದ ತಟ್ಟೆ ಬಿಚ್ಚಿದಾಗ ಒಳಗಿನ ಅಯಸ್ಕಾಂತವನ್ನು ಮಾಲೀಕರೇ ನಿಂತು ನೋಡುವುದು ಒಳ್ಳೆಯದು. ಬೂದು ಬಣ್ಣದ ನುಣ್ಣನೆಯ ಲೇಪ ಸಹಜ ಸವೆತ. ಲೋಹದ ಚೂರುಗಳೋ, ಕ್ಲಚ್ಚಿನ ಕಪ್ಪು ಪುಡಿಯೋ ರಾಶಿಯಾಗಿ ಸಿಕ್ಕರೆ ಗೇರ್‌ಬಾಕ್ಸ್ ಇಳಿಸುವ ಮಾತು ನ್ಯಾಯವೇ. ಆಗಲೂ ದುರಸ್ತಿಯ ವೆಚ್ಚ, ಗುಜರಿಯಿಂದ ತಂದ ಹಳೆಯ ಗೇರ್‌ಬಾಕ್ಸಿನ ಬೆಲೆ, ಕಾರಿನ ಬೆಲೆ, ಈ ಮೂರನ್ನೂ ಲಿಖಿತವಾಗಿ ಪಡೆದು ತೂಗಿ ನೋಡಬೇಕು. 15 ವರ್ಷ ತುಂಬಿದ ಖಾಸಗಿ ಕಾರಿಗೆ ನೋಂದಣಿ ನವೀಕರಣದ ಖರ್ಚೂ ಇದೆ ಎಂಬುದು ಲೆಕ್ಕದಲ್ಲಿರಲಿ.

ಕಾರು ದಾರಿಯಲ್ಲೇ ನಿಂತರೆ ಒಂದು ಎಚ್ಚರಿಕೆ. ಆಟೊಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಹಗ್ಗ ಕಟ್ಟಿ ದೂರ ಎಳೆಯುವಂತೆಯೂ ಇಲ್ಲ. ಎಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತಿರುತ್ತದೆ, ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಒಣಗಿ ಉಜ್ಜುತ್ತವೆ. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಅವುಗಳನ್ನು ಎತ್ತಿ, ಇಲ್ಲವೇ ಇಡೀ ಕಾರನ್ನೇ ಲಾರಿಯ ಮೇಲೇರಿಸಿ ಸಾಗಿಸಬೇಕು.

ಶಿಕ್ಷಕಿಯ ಕಾರಿಗೆ ತಂತಿ ಬೆಸೆದು, ಮೇಲೆ ಕೊಳವೆ ತೊಡಿಸಿ, ಒಂದು ಸುತ್ತು ಎಣ್ಣೆಯನ್ನೂ ಬದಲಿಸಲಾಯಿತು. ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ಎರಡನೇ ಸುತ್ತಿನ ಎಣ್ಣೆಗೆ ಬರುವಂತೆ ಮೆಕ್ಯಾನಿಕ್ ಹೇಳಿದ್ದಾರೆ. ಸದ್ಯ ಅವರು ರಾತ್ರಿ ಕಾರಿನ ಬಾನೆಟ್ ತೆರೆದಿಟ್ಟು, ಪಕ್ಕದಲ್ಲೊಂದು ಬಲ್ಬ್ ಉರಿಸಿ ಮಲಗುತ್ತಾರೆ. ಇಲಿ ಮತ್ತೆ ಬಂದಿಲ್ಲವಂತೆ.