ಲೆಕ್ಕದ ಮೇಜಿಗೆ ಬಂದ ಹೊಸ ಗುಮಾಸ್ತ

ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದಲ್ಲಿ ತಿಂಗಳ 14ನೇ ತಾರೀಖು ಬಂತೆಂದರೆ ಲೆಕ್ಕ ಬರೆಯುವವರ ಊಟದ ಹೊತ್ತು ಏರುಪೇರಾಗುತ್ತದೆ. ಮಾಲು ಕೊಟ್ಟವರು ಯಾವ ಯಾವ ಬಿಲ್ಲು ತೋರಿಸಿದ್ದಾರೆ ಎಂಬ 2ಬಿ ಪಟ್ಟಿ ಅಂದು ಜಿಎಸ್‌ಟಿ ಪೋರ್ಟಲ್‌ಗೆ ಬರುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು 20ರೊಳಗೆ 3ಬಿ ಸಲ್ಲಿಸಬೇಕು. ನಡುವಿನ ಐದಾರು ದಿನಗಳಲ್ಲಿ ಆ ಪಟ್ಟಿಯನ್ನೂ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನ ಖರೀದಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೊಂದಿಸಿ ನೋಡಬೇಕು. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ: 2ಬಿಯಲ್ಲಿ ಕಾಣದ ಬಿಲ್ಲಿಗೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ.

ಕೇಳಿದರೆ ಸುಲಭದ ಕೆಲಸ ಅನ್ನಿಸುತ್ತದೆ. ಮಾಡಿದವರಿಗೇ ಗೊತ್ತು. ಮಾಲು ಕೊಟ್ಟವರ ಬಿಲ್ಲಿನ ಮೇಲೆ ‘2025-26/087’ ಎಂದಿರುತ್ತದೆ. ಅವರ ಆಡಿಟರ್ ಪೋರ್ಟಲ್‌ಗೆ ಏರಿಸುವಾಗ ಬರೀ ‘87’ ಎಂದು ಹಾಕಿರುತ್ತಾರೆ. ನಮ್ಮ ಹುಡುಗ ಟ್ಯಾಲಿಗೆ ‘087/25-26’ ಎಂದು ತುಂಬಿರುತ್ತಾನೆ. ಮೂರೂ ಒಂದೇ ಬಿಲ್ಲು ಎಂದು ಕಣ್ಣಿಗೆ ತಿಳಿಯುತ್ತದೆ, ಎಕ್ಸೆಲ್‌ನ ವಿ-ಲುಕಪ್‌ಗೆ ತಿಳಿಯುವುದಿಲ್ಲ. ಇದರ ಮೇಲೆ ನಲವತ್ತು ಪೈಸೆಯ ರೌಂಡ್ ಆಫ್, ದಿನ ಮತ್ತು ತಿಂಗಳು ಅದಲುಬದಲಾದ ತಾರೀಖು, ಒಂದೇ ಒಡೆಯನ ಎರಡು ಫರ್ಮುಗಳ ಎರಡು ಜಿಎಸ್‌ಟಿ ನಂಬರು.

ಈಗ ಸುದ್ದಿಯಲ್ಲಿರುವ ‘ಡೆಸ್ಕ್‌ಟಾಪ್ ಏಜೆಂಟ್’ ಎಂಬ ಎಐ ಸಾಫ್ಟ್‌ವೇರ್ ಈ ಜಾಗಕ್ಕೆ ಹೇಳಿ ಮಾಡಿಸಿದಂತಿದೆ. ಕಂಪ್ಯೂಟರಿನ ಒಂದು ಫೋಲ್ಡರ್ ತೋರಿಸಿ, “ಈ ಎರಡು ಫೈಲು ಹೊಂದಿಸು. ಹೊಂದದ ಬಿಲ್ಲುಗಳನ್ನು ಬೇರೆ ಹಾಳೆಗೆ ಹಾಕು, ಯಾಕೆ ಹೊಂದಲಿಲ್ಲ ಅಂತ ಪಕ್ಕದಲ್ಲಿ ಬರೆ” ಎಂದು ಟೈಪ್ ಮಾಡಿದರೆ ಅದು ಫೈಲು ತೆರೆಯುತ್ತದೆ, ಬೇಕಾದ ಪುಟ್ಟ ಪ್ರೋಗ್ರಾಂ ತಾನೇ ಬರೆದು ಓಡಿಸುತ್ತದೆ, ಹೊಸ ಹಾಳೆ ಮಾಡಿ ಅದೇ ಫೋಲ್ಡರಿನಲ್ಲಿಡುತ್ತದೆ. ‘087’ ಮತ್ತು ‘87’ ಒಂದೇ ಇರಬಹುದೆಂದು ಊಹಿಸಿ, ಮೊತ್ತವನ್ನೂ ಜಿಎಸ್‌ಟಿ ನಂಬರನ್ನೂ ನೋಡಿ ಖಚಿತಪಡಿಸಿಕೊಳ್ಳಬಲ್ಲದು.

ಇದು ಒಮ್ಮೆಲೇ ಆಕಾಶದಿಂದ ಉದುರಿದ್ದಲ್ಲ. ಈ ಮೇಜಿನ ಮೊದಲ ಯಂತ್ರಗುಮಾಸ್ತ ಹುಟ್ಟಿದ್ದು ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ, 1986ರಲ್ಲಿ. ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಒಪ್ಪುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಗೋಯೆಂಕಾ ಅವರಿಗೆ ಬರೆಯಲು ಹೇಳಿದರು. ಅದೇ ಮುಂದೆ ಟ್ಯಾಲಿ ಆಯಿತು. ಲೆಡ್ಜರ್ ಪುಸ್ತಕದ ಕಾಲದಲ್ಲಿ ಒಬ್ಬೊಬ್ಬರ ಬರವಣಿಗೆ ಒಂದೊಂದು ಥರ ಇತ್ತು. ಟ್ಯಾಲಿ ಅದನ್ನೆಲ್ಲ ಒಂದೇ ಅಚ್ಚಿಗೆ ಹಾಕಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಅದೇ ಸೆಪ್ಟೆಂಬರಿನಲ್ಲಿ ಸರಕು ಸಾಗಣೆಯ ಇ-ವೇ ಬಿಲ್ ಪದ್ಧತಿಯನ್ನು ದೇಶದಲ್ಲಿ ಮೊದಲು ಶುರು ಮಾಡಿದ್ದೂ ಕರ್ನಾಟಕವೇ. 2020ರಲ್ಲಿ 2ಬಿ. ಪ್ರತಿ ಹೆಜ್ಜೆಯಲ್ಲೂ ಸಣ್ಣ ಕಾರ್ಖಾನೆಯವರು ಗೊಣಗಿದರು. ನ್ಯಾಯವಾಗಿಯೇ ಗೊಣಗಿದರು. ಆದರೆ ಯಂತ್ರ ಓದುವಂತೆ ಲೆಕ್ಕ ಇಡುವ ಅಭ್ಯಾಸ ಊರಿಗೆ ಬಂದಿದ್ದು ಆ ಗೊಣಗಾಟದ ನಡುವೆಯೇ.

ಇನ್ನೊಂದು ಕಡೆಯ ಕತೆ ಅಮೆರಿಕದ್ದು. 2017ರಲ್ಲೇ ಗೂಗಲ್‌ನ ಸಂಶೋಧಕರು ‘ಟ್ರಾನ್ಸ್‌ಫಾರ್ಮರ್’ ಎಂಬ ಭಾಷಾ ಮಾದರಿಯ ವಿನ್ಯಾಸ ಪ್ರಕಟಿಸಿದರು. 2022ರ ನವೆಂಬರ್ 30ರಂದು ಅದರ ಮೇಲೆ ಕಟ್ಟಿದ ಚಾಟ್‌ಜಿಪಿಟಿ ಬಂತು. ಅದು ಮಾತನಾಡುತ್ತಿತ್ತು, ಕೈ ಇರಲಿಲ್ಲ. ಟ್ಯಾಲಿಯಿಂದ ತೆಗೆದು ಅಲ್ಲಿ ಅಂಟಿಸು, ಉತ್ತರ ತೆಗೆದು ಎಕ್ಸೆಲ್‌ಗೆ ಅಂಟಿಸು: ನಡುವೆ ಹಮಾಲಿ ನಾವೇ.

ಕೈ ಬಂದಿದ್ದು 2024ರ ಅಕ್ಟೋಬರಿನಲ್ಲಿ. ಆಂಥ್ರೊಪಿಕ್ ಕಂಪನಿ ತನ್ನ ಕ್ಲಾಡ್ ಮಾದರಿಗೆ ಕಂಪ್ಯೂಟರಿನ ಪರದೆ ನೋಡಿ ಮೌಸ್ ಆಡಿಸುವುದನ್ನು ಕಲಿಸಿ ಹೊರಬಿಟ್ಟಿತು. ಕೆಲಸ ಮಾಡುವ ರೀತಿ ತಮಾಷೆಯಾಗಿದೆ. ಅದು ಪರದೆಯ ಫೋಟೊ ತೆಗೆದುಕೊಳ್ಳುತ್ತದೆ, ಒತ್ತಬೇಕಾದ ಗುಂಡಿ ಎಷ್ಟು ಪಿಕ್ಸೆಲ್ ಆಚೆ ಇದೆ ಎಂದು ಎಣಿಸುತ್ತದೆ, ಅಲ್ಲಿಗೆ ಬಾಣದ ಗುರುತು ಒಯ್ದು ಒತ್ತುತ್ತದೆ, ಮತ್ತೆ ಫೋಟೊ. ಎರಡು ಫೋಟೊಗಳ ನಡುವೆ ಬಂದು ಹೋದ ಸಂದೇಶ ಅದಕ್ಕೆ ಕಾಣುವುದೇ ಇಲ್ಲ. ಕ್ಯಾಲ್ಕ್ಯುಲೇಟರ್, ಟೆಕ್ಸ್ಟ್ ಎಡಿಟರ್‌ನಂಥ ಕೆಲವೇ ಸರಳ ಸಾಫ್ಟ್‌ವೇರ್‌ಗಳಲ್ಲಿ ಪಳಗಿಸಿದ್ದು ಉಳಿದವಕ್ಕೂ ಒಗ್ಗಿತೆಂದು ಕಂಪನಿ ಬರೆದುಕೊಂಡಿತು. ಆಗ ‘ಓಎಸ್‌ವರ್ಲ್ಡ್’ ಎಂಬ ಪರೀಕ್ಷೆಯಲ್ಲಿ ಅದು ಗಳಿಸಿದ್ದು ಶೇ 14.9, ಮನುಷ್ಯರು ಗಳಿಸುವುದು ಶೇ 70ರ ಮೇಲೆ. ಪ್ರದರ್ಶನಕ್ಕೆಂದು ಚಿತ್ರೀಕರಿಸುವಾಗ ಒಮ್ಮೆ ಕೊಟ್ಟ ಕೆಲಸ ಬಿಟ್ಟು ಯೆಲ್ಲೊಸ್ಟೋನ್ ಉದ್ಯಾನದ ಫೋಟೊ ನೋಡುತ್ತಾ ಕೂತಿತಂತೆ. ಮಧ್ಯಾಹ್ನದ ಮೇಲೆ ಕಚೇರಿಗಳಲ್ಲಿ ಈ ದೃಶ್ಯ ನಾವು ಕಾಣದ್ದೇನಲ್ಲ.

ಮುಂದಿನದು ಬೇಗ ನಡೆಯಿತು. 2025ರ ಜನವರಿಯಲ್ಲಿ ಓಪನ್‌ಎಐನ ‘ಆಪರೇಟರ್’, ಜುಲೈನಲ್ಲಿ ಚಾಟ್‌ಜಿಪಿಟಿ ಏಜೆಂಟ್, 2026ರ ಜನವರಿಯಲ್ಲಿ ಫೋಲ್ಡರ್ ಕೊಟ್ಟು ಕೆಲಸ ಹೇಳುವ ‘ಕ್ಲಾಡ್ ಕೋವರ್ಕ್’. ಈ ಕೊನೆಯದು ಮೊದಲು ಬಂದಿದ್ದು ಮ್ಯಾಕ್ ಕಂಪ್ಯೂಟರಿಗೆ, ವಿಂಡೋಸ್‌ಗೆ ಆಮೇಲೆ. ಟ್ಯಾಲಿ ಓಡುವ ನಮ್ಮ ಮೇಜುಗಳು ವಿಂಡೋಸ್‌ನವು.

ಲೆಕ್ಕದ ಮಟ್ಟಿಗೆ ದಾರಿ ಹಸನಾಗಿದೆ. ಏಜೆಂಟ್ ಎಡವುವುದು ಕನ್ನಡದ ಫೈಲುಗಳಲ್ಲಿ. ಅದೇ ಮೇಜಿನ ಮೇಲೆ ಪಾಲಿಕೆಗೆ ಬರೆದ ಅರ್ಜಿ, ಗ್ರಾಮ ಪಂಚಾಯಿತಿಯ ಪತ್ರ, ಜಾಗದ ಪಹಣಿ, ಸಂಘದ ನಡಾವಳಿ ಎಲ್ಲವೂ ಇರುತ್ತವೆ. ಇವುಗಳಲ್ಲಿ ಹಳೆಯವು ಬಹುತೇಕ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಆದವು. ಶೇಷಾದ್ರಿವಾಸು ಅವರ ಬರಹ ಬಂದಿದ್ದು 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಬೆನ್ನಿಗೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದಾಗಿ ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಒತ್ತುವುದು ಸಲೀಸಾಯಿತು. ಆ ಉಪಕಾರ ದೊಡ್ಡದು. ಆದರೆ ಆ ದಿನಗಳ ಫಾಂಟುಗಳು ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಪರದೆಯ ಮೇಲೆ ಕಂಡಿದ್ದು ಕನ್ನಡ, ಕಂಪ್ಯೂಟರಿನ ಹೊಟ್ಟೆಯಲ್ಲಿ ಉಳಿದದ್ದು ಇಂಗ್ಲಿಷ್ ಗುರುತುಗಳ ಕಲಸುಮೇಲೋಗರ. ಏಜೆಂಟ್ ಆ ಫೈಲು ತೆರೆದಾಗ ಫಾಂಟಿನ ವೇಷ ಕಳಚಿ ಆ ಕಲಸುಮೇಲೋಗರವೇ ಸಿಗುತ್ತದೆ. ಕೆಲವೊಮ್ಮೆ ‘ಓದಲಾಗದು’ ಎಂದು ಹೇಳುತ್ತದೆ, ಅದು ಒಳ್ಳೆಯದು. ಕೆಲವೊಮ್ಮೆ ಊಹಿಸಿ ಸಾರಾಂಶ ಕಟ್ಟುತ್ತದೆ, ಅದು ಅಪಾಯ.

1991ರಲ್ಲೇ ಯುನಿಕೋಡ್ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿತ್ತು. ನಾವು ಅಲ್ಲಿಗೆ ವಾಸಕ್ಕೆ ಹೋಗಲು ಬಹಳ ತಡ ಮಾಡಿದೆವು. ಅಲ್ಲಿಗೆ ಹೋದ ಮೇಲೂ ಬಾಡಿಗೆ ಜಾಸ್ತಿ: ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ 3. ‘ಸತ್ಯಮಂಗಲ’ ಎಂದು ಕನ್ನಡದಲ್ಲಿ ಬರೆದರೆ 24 ಬೈಟ್, ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 12. ಭಾಷಾ ಮಾದರಿಗಳು ಪಠ್ಯವನ್ನು ತುಂಡು ತುಂಡಾಗಿ ನುಂಗುವುದರಿಂದ, ಒಂದೇ ವಿಷಯ ಕನ್ನಡದಲ್ಲಿ ಸಾಮಾನ್ಯವಾಗಿ ಹೆಚ್ಚು ತುಂಡಾಗುತ್ತದೆ. ಬಳಕೆಯ ಮಿತಿ ಬೇಗ ಮುಗಿಯುತ್ತದೆ.

ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆ ಈ ಊರಿನಲ್ಲಿ ಏಳುವುದು ಸಹಜ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿ ಆ ಜಾಗ ಇಸ್ರೋಗೆ ಹೋದುದನ್ನು ಕಂಡ ಊರಿದು. ನನ್ನ ಅಂದಾಜು ಹೀಗೆ: ಸಾಲು ಹೊಂದಿಸುವುದಷ್ಟೇ ಬಲ್ಲವರಿಗೆ ಕಷ್ಟ ಕಾದಿದೆ. ಹೊಂದದ ಬಿಲ್ಲು ಹಿಡಿದು ಮಾಲು ಕೊಟ್ಟವರಿಗೆ ಫೋನು ಮಾಡಿ, “ಏನ್ ಸಾರ್, ಹೋದ ತಿಂಗಳಿಂದಲೂ ಹಾಕ್ತೀನಿ ಅಂತೀರಾ, ಇನ್ನೂ ಹಾಕಿಲ್ವಲ್ಲ” ಎಂದು ನಯವಾಗಿ ಜಗಳ ಆಡಬಲ್ಲವರನ್ನು ಯಾವ ಒಡೆಯನೂ ಬಿಡುವುದಿಲ್ಲ.

ಏಜೆಂಟ್ ತರಿಸುವ ಯೋಚನೆ ಇರುವವರು ಮೊದಲು ಎರಡು ಕೆಲಸ ಮಾಡಿಕೊಳ್ಳಿ. ಹಳೆಯ ನುಡಿ ಫೈಲುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ. ಅದಕ್ಕೆ ಪುಕ್ಕಟೆ ಸಾಧನಗಳಿವೆ. ಆದರೆ ಅರ್ಕಾವತ್ತು ಜಾಗ ತಪ್ಪಿ ‘ಸರ್ಕಾರ’ ಎಂಬುದು ‘ಸಕಾರ’ದಂತೆ ಕಾಣುವ ಸಾಲುಗಳನ್ನು, ಹೆಸರು ಮತ್ತು ಸರ್ವೆ ನಂಬರುಗಳನ್ನು ಮೂಲ ಟೈಪ್ ಮಾಡಿದವರೇ ಕೂತು ತಿದ್ದಿಕೊಡಲಿ, ಅವರು ಕೆಲಸ ಬಿಟ್ಟು ಹೋಗುವ ಮುಂಚೆ. ಎರಡನೆಯದು, ಏಜೆಂಟಿಗೆ ಮೂಲ ಫೋಲ್ಡರ್ ಕೊಡದೆ ನಕಲು ಕೊಡಿ. ಇಮೇಲಿನಲ್ಲಿ ಬಂದ ಪಿಡಿಎಫ್‌ನೊಳಗೆ ಕಣ್ಣಿಗೆ ಕಾಣದಂತೆ ಬರೆದ ಆಜ್ಞೆಯನ್ನೂ ಅದು ನಿಮ್ಮ ಮಾತೆಂದು ಪಾಲಿಸಿಬಿಡುವ ಸಂಭವವಿದೆ. ಬ್ಯಾಂಕಿನ ಪಾಸ್‌ವರ್ಡ್ ಆ ಫೋಲ್ಡರಿನ ಹತ್ತಿರವೂ ಸುಳಿಯಬಾರದು. ರಿಟರ್ನ್ ಸಲ್ಲಿಸುವಾಗ ಬರುವ ಒಟಿಪಿ ಒಡೆಯನ ಫೋನಿಗೇ ಬರಲಿ. ತಪ್ಪಿಗೆ ಬಡ್ಡಿ ಕಟ್ಟುವವನೂ ಅವನೇ.